ತೂಕ ಎಲ್ಲಿ ಇಳಿಯುತ್ತದೆ? ಹತ್ತುವ ರೋಬೋಟ್ ಮತ್ತು 9ನೇ ತರಗತಿಯ ‘ಕೆಲಸ ಮತ್ತು ಶಕ್ತಿ’

‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ಬೋಧನಾಭ್ಯಾಸದಲ್ಲಿ ಬರುವ ಪಾಠಯೋಜನೆಗಳನ್ನು ತೆಗೆದು ನೋಡಿದರೆ ಉದಾಹರಣೆಗಳು ಹೆಚ್ಚಾಗಿ ಎರಡೇ: ಮೇಜಿನ ಮೇಲಿನ ಪುಸ್ತಕ ಎತ್ತುವುದು, ಅಲುಗಾಡದ ಗೋಡೆಯನ್ನು ತಳ್ಳುವುದು. ಸೂತ್ರ ಕಪ್ಪು ಹಲಗೆಯ ಮೇಲೆ ಬರುತ್ತದೆ, ಲೆಕ್ಕ ಎರಡು ಆಗುತ್ತವೆ, ಗಂಟೆ ಹೊಡೆಯುತ್ತದೆ. ಅದೇ ಮಕ್ಕಳಿಗೆ ವಿಜ್ಞಾನ ವಸ್ತುಪ್ರದರ್ಶನಕ್ಕೆ ರೋಬೋಟ್ ಮಾಡಿ ಎಂದರೆ ಈ ಸೂತ್ರಗಳಲ್ಲಿ ಒಂದೂ ನೆನಪಾಗುವುದಿಲ್ಲ. ಕಿಟ್ ಎಲ್ಲಿ ಸಿಗುತ್ತದೆ ಎಂಬುದೇ ಮೊದಲ ಪ್ರಶ್ನೆ. 2016ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ, 6ರಿಂದ 12ನೇ ತರಗತಿಯ ಮಕ್ಕಳು ಅದನ್ನು ಬಳಸಬಹುದು. ಆದರೆ ಪ್ರಶಿಕ್ಷಣಾರ್ಥಿಯ ಪಾಲಿಗೆ ಬರುವ ಶಾಲೆಯಲ್ಲಿ ಅಂಥ ಲ್ಯಾಬ್ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಹಾಗಾಗಿ ತಿಕೋಟಾ ತಾಲೂಕಿನ ಹೊನವಾಡದಂಥ ಊರಿನ 9ನೇ ತರಗತಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಈ ಲೇಖನ ಬರೆದಿದೆ. ವಿಷಯ ಒಂದೇ: ಕಂಬಿಗೆ ಕೊಕ್ಕೆ ಹಾಕಿ ತನ್ನನ್ನು ತಾನೇ ಮೇಲಕ್ಕೆ ಎಳೆದುಕೊಳ್ಳುವ ರೋಬೋಟಿನ ಹಗುರವಾದ ಹತ್ತುವ ಯಾಂತ್ರಿಕ ವ್ಯವಸ್ಥೆ.

ಇದು ಕಲ್ಪನೆಯ ಸಮಸ್ಯೆಯಲ್ಲ. ಅಮೆರಿಕದಲ್ಲಿ ಹುಟ್ಟಿ ಈಗ ಅನೇಕ ದೇಶಗಳ ಪ್ರೌಢಶಾಲಾ ಮಕ್ಕಳು ಆಡುವ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ 2022ರ ಆಟದಲ್ಲಿ ನಾಲ್ಕು ಕಂಬಿಗಳಿದ್ದವು. ತೀರ ಕೆಳಗಿನದಕ್ಕೆ ನೇತಾಡಿದರೆ 4 ಅಂಕ, ಮುಂದಿನವುಗಳಿಗೆ 6, 10, 15. ಎರಡನೇ ಕಂಬಿ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಕೊನೆಯದು ಸುಮಾರು 2.3 ಮೀಟರ್ ಎತ್ತರದಲ್ಲಿ. ರೋಬೋಟಿನ ತೂಕದ ಮಿತಿ 125 ಪೌಂಡು, ಅಂದರೆ ಹತ್ತಿರ ಹತ್ತಿರ 57 ಕಿಲೋಗ್ರಾಂ. ಎರಡೂವರೆ ನಿಮಿಷದ ಆಟದಲ್ಲಿ ಹೆಚ್ಚಿನ ತಂಡಗಳು ಕೊನೆಯ ಅರ್ಧ ನಿಮಿಷವನ್ನು ಹತ್ತಲು ಇಟ್ಟುಕೊಳ್ಳುತ್ತಿದ್ದವು. ಈ ಅಂಕಪಟ್ಟಿಯನ್ನು ಹಲಗೆಯ ಮೇಲೆ ಬರೆದು ಒಂದೇ ಪ್ರಶ್ನೆ ಕೇಳಿ: ನೀವಾದರೆ ಯಾವ ಕಂಬಿಗೆ ಗುರಿ ಇಡುತ್ತೀರಿ? ತರಗತಿ ಒಕ್ಕೊರಲಿನಿಂದ ‘15’ ಎನ್ನುತ್ತದೆ. ಅಷ್ಟು ಮೇಲೆ ಹೋಗಲು ಒಂದು ಕಂಬಿಯಿಂದ ಇನ್ನೊಂದಕ್ಕೆ ದಾಟಬೇಕು, ಅದಕ್ಕೆ ಎರಡನೇ ಜೊತೆ ಕೊಕ್ಕೆ ಬೇಕು, ಅದರ ತೂಕವನ್ನೂ ರೋಬೋಟೇ ಎತ್ತಬೇಕು ಎಂದು ಸೇರಿಸಿದಾಗ ತರಗತಿ ಎರಡು ಪಕ್ಷವಾಗುತ್ತದೆ. ಪಾಠ ಅಲ್ಲಿಂದ ಶುರುವಾಗಲಿ.

ನಮ್ಮ ಮಾದರಿಗೆ ಲೆಕ್ಕ ಸಣ್ಣದಿರಲಿ. ಒಟ್ಟು ತೂಕ 2 ಕಿಲೋಗ್ರಾಂ, ಏರಬೇಕಾದ ಎತ್ತರ 50 ಸೆಂಟಿಮೀಟರ್, ಸಮಯ 5 ಸೆಕೆಂಡು. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ ಬಲ 20 ನ್ಯೂಟನ್, ಕೆಲಸ 10 ಜೂಲ್, ಸಾಮರ್ಥ್ಯ 2 ವ್ಯಾಟ್. ಗೇರು ಮತ್ತು ಹಗ್ಗದ ಘರ್ಷಣೆಗೆ ಅರ್ಧ ಹೋಯಿತು ಎಂದುಕೊಂಡರೂ ಮೋಟರು 4 ವ್ಯಾಟ್ ಕೊಟ್ಟರೆ ಸಾಕು. ಹೇಗೆ ಹತ್ತಿದರೂ ಈ 10 ಜೂಲ್ ಬದಲಾಗುವುದಿಲ್ಲ. ವಿಜಯಪುರದ ಉಪ್ಪಲಿ ಬುರುಜನ್ನು ಹತ್ತಿದ ಮಕ್ಕಳಿಗೆ ಇದನ್ನು ಹೇಳುವುದು ಸುಲಭ. ಸುಮಾರು 24 ಮೀಟರ್ ಎತ್ತರದ ಆ ಬುರುಜಿನ ಮೆಟ್ಟಿಲು ಹೊರಗೋಡೆಗೆ ಸುತ್ತಿಕೊಂಡು ಏರುತ್ತದೆ. ದಾರಿ ಉದ್ದವಾಯಿತು, ಹೆಜ್ಜೆಗೆ ಬೇಕಾದ ಬಲ ಕಡಿಮೆಯಾಯಿತು, ಮೇಲೆ ತಲುಪಲು ಮಾಡಿದ ಕೆಲಸ ಅಷ್ಟೇ ಉಳಿಯಿತು.

ಹಾಗಾದರೆ ತೂಕ ಎಲ್ಲಿ ಇಳಿಯುತ್ತದೆ? ಇಲ್ಲಿ ಎರಡು ವಿನ್ಯಾಸಗಳನ್ನು ಹೋಲಿಸಬೇಕು, ಅವಸರ ಮಾಡಬಾರದು. ಮಕ್ಕಳು ಮೊದಲು ಬಿಡಿಸುವ ಚಿತ್ರ ಯಾವಾಗಲೂ ತೋಳಿನದು: ರೋಬೋಟಿನಿಂದ ಒಂದು ಕೈ ಚಾಚಿ, ಕಂಬಿ ಹಿಡಿದು, ಮೊಣಕೈ ಮಡಚಿದಂತೆ ಮೇಲೇರುವುದು. ತೋಳು 40 ಸೆಂಟಿಮೀಟರ್ ಉದ್ದವಿದ್ದು ಅಡ್ಡಲಾಗಿ ನಿಂತ ಕ್ಷಣದಲ್ಲಿ ಅದರ ಬುಡಕ್ಕೆ ಬೇಕಾದ ತಿರುಗುಬಲ, ಅಂದರೆ ಟಾರ್ಕ್, 20 × 0.4 = 8 ನ್ಯೂಟನ್-ಮೀಟರ್. ನಮ್ಮ ಅಂಗಡಿಗಳಲ್ಲಿ ಮೋಟರಿನ ಮೇಲೆ ಬರೆಯುವ ಏಕಮಾನದಲ್ಲಿ 80 ಕಿಲೋಗ್ರಾಂ-ಸೆಂಟಿಮೀಟರ್. ಈಗ ಎರಡನೆಯ ವಿನ್ಯಾಸ: ಕೊಕ್ಕೆಗೆ ಹಗ್ಗ, ಹಗ್ಗವನ್ನು ಸುತ್ತಲು 1 ಸೆಂಟಿಮೀಟರ್ ತ್ರಿಜ್ಯದ ಉರುಳೆ. ಬೇಕಾದ ಟಾರ್ಕ್ 20 × 0.01 = 0.2 ನ್ಯೂಟನ್-ಮೀಟರ್, ಅಂದರೆ 2 ಕಿಲೋಗ್ರಾಂ-ಸೆಂಟಿಮೀಟರ್. ನಲವತ್ತು ಪಟ್ಟು ವ್ಯತ್ಯಾಸ! ತೋಳಿಗೆ ಭಾರಿ ಗೇರುಪೆಟ್ಟಿಗೆ, ಆ ಪೆಟ್ಟಿಗೆಯನ್ನು ತಡೆಯಲು ಗಟ್ಟಿ ಚೌಕಟ್ಟು, ಚೌಕಟ್ಟನ್ನು ಎತ್ತಲು ಇನ್ನಷ್ಟು ಬಲ. ಹಗ್ಗದ ವಿನ್ಯಾಸದಲ್ಲಿ ಈ ಸರಪಳಿಯೇ ಹುಟ್ಟುವುದಿಲ್ಲ.

ಉರುಳೆ ದೊಡ್ಡದಾದಷ್ಟೂ ಶಕ್ತಿ ಹೆಚ್ಚು ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಸಾಮಾನ್ಯ. 3 ಸೆಂಟಿಮೀಟರ್ ತ್ರಿಜ್ಯಕ್ಕೆ ಅವರೇ ಲೆಕ್ಕ ಮಾಡಲಿ, 6 ಬರುತ್ತದೆ. ಸಣ್ಣ ಉರುಳೆಯ ಬೆಲೆ ಎಂದರೆ ಸುತ್ತುಗಳು. 5 ಸೆಕೆಂಡಿನಲ್ಲಿ 50 ಸೆಂಟಿಮೀಟರ್ ಹಗ್ಗ ಸುತ್ತಲು ಸುಮಾರು 8 ಸುತ್ತು, ಅಂದರೆ ನಿಮಿಷಕ್ಕೆ ಸುಮಾರು 95. ಮೋಟರಿನ ಮೇಲೆ ಬರೆದಿರುವುದು ಬಹುಮಟ್ಟಿಗೆ ಅದು ಸಿಕ್ಕಿ ನಿಂತಾಗಿನ ಟಾರ್ಕ್. ಅದರ ಕಾಲುಭಾಗದಷ್ಟೇ ಹೊರೆ ಹಾಕುವುದು ಕ್ಷೇಮ, ಇಲ್ಲವಾದರೆ ಮೋಟರು ಕಾಯುತ್ತದೆ. ಕಾಲುಭಾಗ ಹೊರೆಯಲ್ಲಿ ವೇಗವೂ ಕಾಲುಭಾಗ ಇಳಿಯುತ್ತದೆ. ಆದ್ದರಿಂದ ನಿಂತಾಗ 8 ಕಿಲೋಗ್ರಾಂ-ಸೆಂಟಿಮೀಟರ್, ಖಾಲಿ ಓಡುವಾಗ ನಿಮಿಷಕ್ಕೆ 130 ಸುತ್ತಿನ ಆಸುಪಾಸಿನ 12 ವೋಲ್ಟಿನ ಗೇರು ಮೋಟರು ನಮಗೆ ಬೇಕು. ಆಟಿಕೆ ಗಾಡಿಗಳಲ್ಲಿರುವ ಹಳದಿ ಪ್ಲಾಸ್ಟಿಕ್ ಮೋಟರು ಇದಕ್ಕೆ ಸಾಲದು. ಹಗ್ಗ ಅಗಲವಾಗಿ ಹರಡಿಕೊಂಡು ಸುತ್ತುವಂತೆಯೂ ನೋಡಿಕೊಳ್ಳಬೇಕು: 3 ಮಿಲಿಮೀಟರ್ ದಪ್ಪದ ಹಗ್ಗ ತನ್ನ ಮೇಲೆ ತಾನೇ ಎರಡನೇ ಪದರ ಏರಿದರೆ ಬೇಕಾದ ಟಾರ್ಕ್ ಸುಮಾರು ಕಾಲುಭಾಗ ಹೆಚ್ಚುತ್ತದೆ.

ಹಗ್ಗ ಎಳೆಯಬಲ್ಲದು, ತಳ್ಳಲಾರದು. ಕೊಕ್ಕೆಯನ್ನು ಕಂಬಿಯವರೆಗೆ ಒಯ್ಯುವವರು ಯಾರು? ಈ ಪ್ರಶ್ನೆಯನ್ನು ಮಕ್ಕಳಿಂದಲೇ ಬರಿಸಬೇಕು. ಬಂದ ಮೇಲೆ ತರಗತಿಯನ್ನು ಮನಸ್ಸಿನಲ್ಲೇ ದ್ರಾಕ್ಷಿ ತೋಟಕ್ಕೆ ಕರೆದೊಯ್ಯಿರಿ. ತಿಕೋಟಾ ಭಾಗದ ಮಕ್ಕಳಿಗೆ ವಿವರಣೆ ಬೇಕಾಗುವುದಿಲ್ಲ. ಬಳ್ಳಿ, ಗೊನೆ ಎಲ್ಲದರ ಭಾರವನ್ನು ಹೊತ್ತ ತಂತಿ ಬೆರಳಿಗಿಂತ ಎಷ್ಟೋ ತೆಳು. ಅದೇ ಭಾರವನ್ನು ನೆಲಕ್ಕೆ ಇಳಿಸುವ ಕಂಬ ಮಾತ್ರ ದಪ್ಪ. ತಂತಿಯಲ್ಲಿ ಎಳೆತ, ಕಂಬದಲ್ಲಿ ಒತ್ತಡ. ಎಳೆದಾಗ ತೆಳುವಾದದ್ದು ನೆಟ್ಟಗಾಗುತ್ತದೆ, ಒತ್ತಿದಾಗ ಬಾಗಿ ಮುರಿಯುತ್ತದೆ. ಉದ್ದನೆಯ ಒಣ ಜೋಳದ ದಂಟೊಂದನ್ನು ಇಬ್ಬರು ಮಕ್ಕಳು ಎರಡು ತುದಿಯಿಂದ ಎಳೆಯಲಿ, ಆಮೇಲೆ ನೆಲಕ್ಕೆ ಒತ್ತಲಿ. ಎರಡು ನಿಮಿಷದ ಕೆಲಸ, ಖರ್ಚಿಲ್ಲ.

ಇದರಿಂದ ವಿನ್ಯಾಸ ತಾನಾಗಿ ಎರಡು ಕೆಲಸಗಳಾಗಿ ಒಡೆಯುತ್ತದೆ. ಕೊಕ್ಕೆಯನ್ನು ಮೇಲೆ ಒಯ್ಯುವುದು ನೂರು ಗ್ರಾಂ ಭಾರದ ಕೆಲಸ, ಅದಕ್ಕೆ ಬಡಕಲು ಕೋಲು ಸಾಕು. ರೋಬೋಟನ್ನು ಎತ್ತುವುದು 2 ಕಿಲೋಗ್ರಾಂನ ಕೆಲಸ, ಅದನ್ನು ಹಗ್ಗ ನೋಡಿಕೊಳ್ಳುತ್ತದೆ. ಒಂದರೊಳಗೊಂದು ಜಾರುವ ಎರಡು ಪ್ಲಾಸ್ಟಿಕ್ ಕೊಳವೆ ತೆಗೆದುಕೊಂಡು, ಸೈಕಲ್ ಟ್ಯೂಬಿನ ಪಟ್ಟಿಗಳಿಂದ ಒಳಕೊಳವೆ ಸದಾ ಮೇಲಕ್ಕೆ ಚಿಮ್ಮುವಂತೆ ಕಟ್ಟಬೇಕು. ಕೊಕ್ಕೆ ಒಳಕೊಳವೆಯ ತಲೆಯಲ್ಲಿ. ಕೊಕ್ಕೆಗೆ ಕಟ್ಟಿದ ಹಗ್ಗ ಉರುಳೆಗೆ ಬರುತ್ತದೆ. ಮೋಟರು ಹಗ್ಗ ಬಿಟ್ಟಂತೆ ರಬ್ಬರು ಕೊಳವೆಯನ್ನು ಏರಿಸುತ್ತದೆ. ಕೊಕ್ಕೆ ಕಂಬಿಗೆ ಕೂತ ಮೇಲೆ ಮೋಟರು ಹಗ್ಗ ಸುತ್ತಿದರೆ ರೋಬೋಟು ಏರುತ್ತದೆ. ಎರಡೂ ಕೆಲಸಕ್ಕೆ ಒಂದೇ ಮೋಟರು. ಬಾವಿಯ ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತ ನೀರನ್ನು ಮೇಲೆತ್ತುತ್ತಿದ್ದುದೂ ಇಂಥದೇ ಜಾಣತನ, ಎತ್ತಿನ ತೂಕವೇ ಎಳೆತಕ್ಕೆ ನೆರವಾಗುತ್ತಿತ್ತು. ಸ್ಪರ್ಧೆಯ ಹಲವು ತಂಡಗಳು ಕೊಳವೆಯ ಬದಲು ಬಡಗಿಯ ಸ್ಟೀಲ್ ಅಳತೆ ಟೇಪನ್ನೇ ಬಳಸಿವೆ. ಅಡ್ಡಕ್ಕೆ ಸ್ವಲ್ಪ ಬಾಗಿದ ಆ ಪಟ್ಟಿ ಚಾಚಿದಾಗ ನೆಟ್ಟಗೆ ನಿಲ್ಲುತ್ತದೆ, ಸುತ್ತಿದಾಗ ಮುಷ್ಟಿಯಲ್ಲಿ ಅಡಗುತ್ತದೆ.

ಒಂದು ಎಚ್ಚರಿಕೆ ಇದೆ. ಕೊಕ್ಕೆ ರೋಬೋಟಿನ ಗುರುತ್ವ ಕೇಂದ್ರದ ನೇರಕ್ಕೆ ಮೇಲೆ ಇರಬೇಕು. ಬ್ಯಾಟರಿ ಹಿಂದಕ್ಕೂ ಕೊಕ್ಕೆ ಮುಂದಕ್ಕೂ ಇದ್ದರೆ ರೋಬೋಟು ವಾಲಿ ಕೊಳವೆಯನ್ನು ಬಾಗಿಸುತ್ತದೆ, ತೆಳುಕೋಲಿನ ಲಾಭವೆಲ್ಲ ಹೋಯಿತು. ಪುಸ್ತಕ ತುಂಬಿದ ಪಾಟೀಚೀಲವನ್ನು ಒಂದೇ ಪಟ್ಟಿಯಿಂದ ಮೊಳೆಗೆ ತೂಗುಹಾಕಿ ತೋರಿಸಿದರೆ ಸಾಕು.

ವಿದ್ಯುತ್ ಕಡಿತವಾದ ಮೇಲೂ ನೇತಾಡುತ್ತಿರಬೇಕು, ಏಕೆಂದರೆ ಆಟ ಮುಗಿದೊಡನೆ ಮೋಟರು ಸ್ತಬ್ಧ. ಹುಳುಗೇರು ಹಾಕಿದರೆ ಅದು ತಾನಾಗಿ ಹಿಂದೆ ತಿರುಗುವುದಿಲ್ಲ, ನಿಜ. ಆದರೆ ಘರ್ಷಣೆಯಲ್ಲೇ ಬಹುಪಾಲು ಶಕ್ತಿ ತಿಂದು ದೊಡ್ಡ ಮೋಟರು ಕೇಳುತ್ತದೆ. ನನ್ನ ಒಲವು ಹಲ್ಲುಚಕ್ರ ಮತ್ತು ತಡೆಗೋಲಿನ ಕಡೆಗೆ. ಸೈಕಲ್ಲಿನ ಫ್ರೀವೀಲನ್ನು ಹಿಂದಕ್ಕೆ ತಿರುಗಿಸಿದಾಗ ಕೇಳುವ ಟಕಟಕ ಸದ್ದು ಅದರದೇ. ಕೊಕ್ಕೆ ಏರುವಾಗ ಹಗ್ಗ ಬಿಚ್ಚಿಕೊಳ್ಳಬೇಕಾದ್ದರಿಂದ ತಡೆಗೋಲನ್ನು ದಾರದಿಂದ ಎತ್ತಿ ಕಟ್ಟಿ, ಎಳೆತ ಶುರುವಾಗುವ ಮುನ್ನ ಬಿಡುವ ಏರ್ಪಾಡು ಬೇಕು. ಇದನ್ನು ಮಕ್ಕಳಿಗೇ ಬಿಡಿ, ನಾವು ಊಹಿಸದ ಉಪಾಯಗಳು ಬರುತ್ತವೆ.

ಎಲ್ಲ ಆದ ಮೇಲೂ ತೂಕ ಹೆಚ್ಚೆನಿಸಿದರೆ ಪಟ್ಟಿಗಳಿಗೆ ತೂತು ಕೊರೆಯಬಹುದು. ಅನೇಕರು ಅಲ್ಲಿಂದಲೇ ಶುರು ಮಾಡುತ್ತಾರೆ, ನೋಡಲು ಚೆಂದ ಕಾಣುತ್ತದೆ. ಉಳಿಯುವುದು ಕೆಲವೇ ಗ್ರಾಂ. ಅದಕ್ಕಿಂತ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಪ್ರತಿ ಭಾಗವನ್ನೂ ತೂಗಿ ಪಟ್ಟಿ ಬರೆಸುವುದು ಲೇಸು; ಅತಿ ಭಾರದ ಎರಡು ಭಾಗ ಯಾವುವು ಎಂದು ನೋಡಿ ಅವನ್ನಷ್ಟೇ ಪ್ರಶ್ನಿಸಬೇಕು.

ಸಮಯದ ಹಂಚಿಕೆ ಹೀಗಿರಲಿ: ಅಂಕಪಟ್ಟಿಯ ಚರ್ಚೆ ಮತ್ತು ಲೆಕ್ಕಕ್ಕೆ ಎರಡು ಅವಧಿ, ಕಟ್ಟುವುದಕ್ಕೆ ಎರಡು. ಲೆಕ್ಕ ತೋರಿಸದ ಗುಂಪಿಗೆ ಮೋಟರು ಕೊಡಬೇಡಿ. ಗುಂಪಿನಲ್ಲಿ ಸ್ಕ್ರೂಡ್ರೈವರ್ ಯಾರ ಕೈಯಲ್ಲಿದೆ ಎಂಬುದನ್ನೂ ಗಮನಿಸಿ. ಹುಡುಗಿಯರಿಗೆ ಚಾರ್ಟ್ ಬರೆಯುವ ಕೆಲಸ, ಹುಡುಗರಿಗೆ ಕಟ್ಟುವ ಕೆಲಸ ಎಂಬ ಹಂಚಿಕೆ ಯಾರೂ ಹೇಳದೆಯೇ ಆಗಿಬಿಡುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ಪಾತ್ರ ಬದಲಿಸಿ ಎಂದು ಪಾಠಯೋಜನೆಯಲ್ಲೇ ಬರೆದಿಡುವುದು ಒಳ್ಳೆಯದು. ವೀಕ್ಷಣೆಗೆ ಕೂರುವ ಮಾರ್ಗದರ್ಶಕರು ರೋಬೋಟು ಏರಿತೇ ಎಂದಷ್ಟೇ ನೋಡದೆ, ಯಾವುದಾದರೂ ಮಗುವನ್ನು ಕರೆದು ‘ಈ ಉರುಳೆ ಇಷ್ಟು ಸಣ್ಣದೇಕೆ?’ ಎಂದು ಕೇಳಲಿ. ಕಿಟ್ಟಿನ ಚಿತ್ರ ನೋಡಿ ಜೋಡಿಸಿದ ಮಗುವಿಗೂ ಲೆಕ್ಕ ಹಾಕಿ ಕಟ್ಟಿದ ಮಗುವಿಗೂ ಇರುವ ವ್ಯತ್ಯಾಸ ಆ ಉತ್ತರದಲ್ಲಿ ತಿಳಿಯುತ್ತದೆ.

ಪರೀಕ್ಷೆಗೆ ಕಿಟಕಿಯ ಸರಳು ಬೇಡ, ಎರಡು ಬೆಂಚಿನ ನಡುವೆ ಭದ್ರವಾಗಿ ಕಟ್ಟಿದ ಕೋಲು ಸಾಕು. ಕೆಳಗೆ ಮಡಚಿದ ಗೋಣಿಚೀಲ ಹಾಸಿ, ಯಾರ ಕೈಕಾಲೂ ಅಡಿಯಲ್ಲಿ ಇರದಂತೆ ಸುಣ್ಣದ ಗೆರೆ ಎಳೆಯಿರಿ. ಮೊದಲ ಸಲ ರೋಬೋಟಿನ ಬದಲು 2 ಕಿಲೋಗ್ರಾಂ ಮರಳಿನ ಚೀಲವನ್ನು ಎತ್ತಿಸಿ. ಅದು ಮೇಲೆ ಬಂದ ಮೇಲೆ ಬ್ಯಾಟರಿಯ ತಂತಿ ಕಳಚಿ, ಅದು ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಒಂದು ನಿಮಿಷದಲ್ಲಿ ಎಷ್ಟು ಜಾರಿತು ಎಂದು ಮಕ್ಕಳು ಅಳೆದು ಬರೆದುಕೊಳ್ಳಲಿ.