ಬೆನ್ನು ಕೆರೆಯುವ ಮಾತು, ಮುಯ್ಯಾಳಿನ ಮಾತು

ಮಕ್ಕಳೇ, ಇಂಗ್ಲಿಷಿನಲ್ಲಿ ‘ಯು ಸ್ಕ್ರ್ಯಾಚ್ ಮೈ ಬ್ಯಾಕ್, ಐ ವಿಲ್ ಸ್ಕ್ರ್ಯಾಚ್ ಯುವರ್ಸ್’ ಎಂಬ ಮಾತಿದೆ. ‘ನೀನು ನನ್ನ ಬೆನ್ನು ಕೆರೆ, ನಾನು ನಿನ್ನ ಬೆನ್ನು ಕೆರೆಯುತ್ತೇನೆ’ ಎಂದು ಅರ್ಥ. ಇದನ್ನು ಅಜ್ಜನಿಗೆ ಹೇಳಿ ನೋಡಿ. ಮೊದಲು ನಕ್ಕಾರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅಜ್ಜನಾದರೆ, “ನಮ್ಮ ಮುಯ್ಯಾಳು ಇದ್ದಂಗಾಯ್ತಲ್ಲ ಮರಿ!” ಎಂದಾರು.

ಮುಯ್ಯಿ ಎಂದರೆ ಪಡೆದದ್ದನ್ನು ಮರಳಿ ಕೊಡುವುದು. ಕೂಲಿಯ ಬದಲು ಕೆಲಸಕ್ಕೆ ಕೆಲಸವನ್ನೇ ಮರಳಿಸುವವರು ಮುಯ್ಯಾಳು. ಕೆಲವು ಕಡೆ ಮುರಿಯಾಳು ಎಂದೂ ಹೇಳುತ್ತಾರೆ.

ಅಡಿಕೆ ಕೊಯ್ಲನ್ನೇ ನೋಡಿ. ಕೊನೆ ಇಳಿಸಿದ ಮೇಲೆ ಹಸಿ ಅಡಿಕೆಯನ್ನು ಬಹಳ ದಿನ ಇಡುವಂತಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಒಂದೇ ಮನೆಯವರ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಆಗ ನೆರೆಮನೆಯವರು ಬಂದು ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಭತ್ತದ ನೆಟ್ಟಿಗೂ ಹೀಗೆಯೇ. ನಿಮ್ಮ ಮನೆಯ ಇಬ್ಬರು ಅವರಲ್ಲಿ 3 ದಿನ ದುಡಿದರೆ 6 ಆಳು. ಅವರು ನಿಮ್ಮಲ್ಲಿಗೆ 6 ಆಳಿನ ಕೆಲಸ ಮರಳಿಸಬೇಕು. ಕೂಲಿ ಇಲ್ಲ, ಊಟ ತಿಂಡಿ ಮಾತ್ರ ಕೆಲಸ ಇದ್ದ ಮನೆಯದು.

ಹಾಗಾದರೆ ಎರಡು ಮಾತೂ ಒಂದೇನಾ? ಅಲ್ಲ. ಬೆನ್ನು ಕೆರೆಯುವ ಮಾತಿನಲ್ಲಿ ‘ನೀನು ಮಾಡಿದರೆ ಮಾತ್ರ ನಾನು’ ಎಂಬ ಷರತ್ತು ಇದೆ. ಒಳಗೊಳಗೇ ಲಾಭ ಮಾಡಿಕೊಳ್ಳುವವರನ್ನು ಚುಚ್ಚಲೂ ಅದನ್ನು ಬಳಸುತ್ತಾರೆ. ಆದ್ದರಿಂದ ಉಪಕಾರ ಮಾಡಿದ ಮೇಷ್ಟರಿಗೆ ಹಾಗೆ ಬರೆದೀರಿ, ಜೋಕೆ! ಅಲ್ಲಿಗೆ ‘ಒನ್ ಗುಡ್ ಟರ್ನ್ ಡಿಸರ್ವ್ಸ್ ಅನದರ್’ ಸರಿಹೊಂದುತ್ತದೆ. ಇಲ್ಲಿ ‘ಟರ್ನ್’ ಎಂದರೆ ತಿರುವಲ್ಲ, ಉಪಕಾರ. ಒಂದು ಉಪಕಾರಕ್ಕೆ ಇನ್ನೊಂದು ಉಪಕಾರ ಸಲ್ಲಬೇಕು ಎಂದರ್ಥ.

ಮುಯ್ಯಾಳಿನಲ್ಲೂ ಲೆಕ್ಕ ಇತ್ತು, ನಿಜ. ಆದರೆ ಆ ಲೆಕ್ಕಕ್ಕೆ ಪತ್ರವಿಲ್ಲ, ಸಹಿಯಿಲ್ಲ. ನೆರೆಯವರ ಮೇಲಿನ ನಂಬಿಕೆಯೇ ಎಲ್ಲ. ಮಾತು ತಪ್ಪಿದವರ ಅಂಗಳಕ್ಕೆ ಮರುವರ್ಷ ಯಾರು ಬಂದಾರು?

ಒಂದು ಎಚ್ಚರಿಕೆ. ‘ಮುಯ್ಯಿ ತೀರಿಸಿಕೊಳ್ಳುವುದು’ ಎಂದರೆ ಸೇಡು ತೀರಿಸಿಕೊಳ್ಳುವುದು! ಪದ ಒಂದೇ. ಒಳ್ಳೆಯದನ್ನೂ ಮರಳಿಸಬಹುದು, ಕೆಟ್ಟದ್ದನ್ನೂ ಮರಳಿಸಬಹುದು.

ಈಗ ಅಡಿಕೆ ಸುಲಿಯಲು ಯಂತ್ರ ಬಂದಿದೆ. ಮುಯ್ಯಾಳು ಅಪರೂಪವಾಗಿದೆ. ಇಂದು ರಾತ್ರಿ ಅಜ್ಜಿಯನ್ನು ಕೇಳಿ: “ನೀವು ಯಾರ ಮನೆಗೆ ಮುಯ್ಯಾಳು ಹೋಗ್ತಿದ್ರಿ? ನಮ್ಮನೆಗೆ ಯಾರು ಬರ್ತಿದ್ರು?” ಆ ಮನೆಗಳ ಹೆಸರು ಬರೆದಿಡಿ. ತೀರದ ಮುಯ್ಯಿ ಒಂದಾದರೂ ಉಳಿದಿದ್ದೀತು. ಅದನ್ನು ತೀರಿಸುವ ಸರದಿ ನಿಮ್ಮದು.