ದೇಗುಲ ನೋಡಿದಿರಿ, ಕೆರೆ ನೋಡಿದಿರಾ?

ಬೇಲೂರು–ಹಳೇಬೀಡು ಪ್ರವಾಸವೆಂದರೆ ನಮ್ಮಲ್ಲಿ ಬಹಳ ಮಂದಿಗೆ ಒಂದೇ ದಿನದ ಲೆಕ್ಕ. ಬೆಂಗಳೂರಿನಿಂದ ನಸುಕಿಗೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಬೇಲೂರಿನ ಶಿಲಾಬಾಲಿಕೆಯರ ಕೆಳಗೆ ಒಂದು ಫೋಟೊ, ಹಳೇಬೀಡಿನ ನಂದಿಯ ಮುಂದೆ ಇನ್ನೊಂದು, ಕತ್ತಲಾಗುವಷ್ಟರಲ್ಲಿ ಊರ ದಾರಿ. 2023ರ ಸೆಪ್ಟೆಂಬರಿನಲ್ಲಿ ಇವೆರಡು ದೇಗುಲಗಳನ್ನೂ ಸೋಮನಾಥಪುರವನ್ನೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸದ ಕ್ರಮ ಮಾತ್ರ ಹಳೆಯದೇ. ಹೊಯ್ಸಳರು ಊರು ಕಟ್ಟುವಾಗ ದೇಗುಲದಷ್ಟೇ ಅಕ್ಕರೆಯಿಂದ ನೋಡಿಕೊಂಡ ಕೆರೆಗಳ ಕಡೆಗೆ ನಾವು ತಿರುಗಿಯೂ ನೋಡುವುದಿಲ್ಲ. ಈ ಸೀಮೆಗೆ ಎರಡು ದಿನ ಕೊಡಿ, ಒಂದು ರಾತ್ರಿಯನ್ನು ನೀರಿನ ಹತ್ತಿರ ಕಳೆಯಿರಿ ಎನ್ನುವುದೇ ಈ ಲೇಖನದ ಒತ್ತಾಯ.

ಹಳೇಬೀಡಿನಿಂದಲೇ ಶುರು ಮಾಡೋಣ. 1121ರ ಸುಮಾರಿಗೆ ಕೆಲಸ ಆರಂಭವಾದ ಹೊಯ್ಸಳೇಶ್ವರ ದೇಗುಲ ಪೂರ್ವಕ್ಕೆ ಮುಖ ಮಾಡಿದೆ. ನಂದಿ ಮಂಟಪಗಳನ್ನು ದಾಟಿ ಅದೇ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದರೆ ಎದುರಿಗೇ ದ್ವಾರಸಮುದ್ರ ಕೆರೆ. ರಾಜಧಾನಿಗೆ ಹೆಸರು ಬಂದದ್ದೇ ಇದರಿಂದ. ಕೆರೆ ದೇಗುಲಕ್ಕಿಂತ ಹಿರಿಯದು. ಬೆಳಗಿನ ಬಿಸಿಲು ನೀರಿನ ಮೇಲಿಂದ ಹಾಯ್ದು ನೇರವಾಗಿ ದೇಗುಲದ ಮೈಮೇಲೆ ಬೀಳುತ್ತದೆ. ಗೋಡೆಯ ಅಡಿಪಟ್ಟಿಯಲ್ಲಿ ಸಾಲುಗಟ್ಟಿದ ಆನೆಗಳ ಒಂದೊಂದು ಸೊಂಡಿಲೂ ಆಗ ಬೇರೆ ಬೇರೆಯಾಗಿ ಕಾಣುತ್ತದೆ. ನಡುಮಧ್ಯಾಹ್ನ ಬಂದವರಿಗೆ ಈ ನೋಟ ದಕ್ಕುವುದಿಲ್ಲ. ದೇಗುಲದ ಸಮೀಪದಲ್ಲೇ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಶಾಂತಲಾ ಇದೆ. ರಾತ್ರಿ ಅಲ್ಲಿ ತಂಗಿದರೆ ಬಾಗಿಲು ತೆರೆಯುವ ಹೊತ್ತಿಗೆ ಒಳಗಿರಬಹುದು.

ಕೆರೆಯ ಬದಿಯಲ್ಲಿ ನಿಧಾನವಾಗಿ ನಡೆಯಬೇಕು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿಗಳಿಗೆ ಬೈನಾಕ್ಯುಲರ್ ಕೂಡ ಬೇಡ. ಗುಳುಮುಳುಕ ಹಕ್ಕಿ ಒಂದು ಕಡೆ ಮುಳುಗಿ ಎಲ್ಲಿ ಏಳುತ್ತದೆಂದು ಕಾಯುವುದರಲ್ಲೇ ಮಕ್ಕಳಿಗೆ ಅರ್ಧ ಗಂಟೆ ಕಳೆಯುತ್ತದೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂದರೇನೆಂದು ಅವರಿಗೆ ಕೈತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಇದೇ ಕೆರೆ ಒಣಗಿ ಬಿರುಕು ಬಿಟ್ಟದ್ದೂ ಉಂಟು. ಯಗಚಿ ನದಿಯ ನೀರನ್ನು ರಣಘಟ್ಟದಿಂದ ಇಲ್ಲಿಗೆ ಹರಿಸಬೇಕೆಂದು ಹಳೇಬೀಡು–ಮಾದಿಹಳ್ಳಿ ಭಾಗದ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ನಮಗೆ ನೋಟವಾದದ್ದು ಅವರಿಗೆ ಅನ್ನ.

ಹಳೇಬೀಡಿನಿಂದ ಸೈಕಲ್ಲಿನಲ್ಲೇ ಹೋಗಿಬರಬಹುದಾದ ದೂರದಲ್ಲಿ ಹುಲಿಕೆರೆಯ ಕಲ್ಯಾಣಿ ಇದೆ. ಮೆಟ್ಟಿಲುಗಳ ನಡುವೆ ಸುತ್ತಲೂ ಇಪ್ಪತ್ತೇಳು ಪುಟ್ಟ ಗುಡಿಗಳು. ನಕ್ಷತ್ರಗಳ ಲೆಕ್ಕಕ್ಕೆ ಕಟ್ಟಿದ್ದೆಂದು ಜನ ನಂಬುತ್ತಾರೆ. ದೊಡ್ಡ ದೇಗುಲಗಳ ಗದ್ದಲ ಇಲ್ಲಿಲ್ಲ. ಹಾಸನದ ರಸ್ತೆ ಹಿಡಿಯುವವರು ದೊಡ್ಡಗದ್ದವಳ್ಳಿಯನ್ನೂ ಬಿಡಬಾರದು. ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ 1114ರ ಸುಮಾರಿಗೆ ಕಟ್ಟಿಸಿದ ಲಕ್ಷ್ಮೀದೇವಿ ಗುಡಿ ಕೆರೆಯ ದಡದಲ್ಲೇ ಇದೆ. ಅರಸರಲ್ಲ, ವರ್ತಕ ದಂಪತಿ ಮಾಡಿಸಿದ ಕೆಲಸವಿದು. ಈ ಸೀಮೆಯಲ್ಲಿ ನನಗೆ ಅತಿ ಪ್ರಿಯವಾದ ಜಾಗವೂ ಇದೇ.

ನೀರಿಗೆ ಇಳಿಯಲೇಬೇಕು ಎನ್ನುವವರು ಬೇಲೂರಿನ ಪಕ್ಕದ ಚಿಕ್ಕಬ್ಯಾಡಿಗೆರೆಗೆ ಹೋಗಬೇಕು. ಹೇಮಾವತಿಯ ಉಪನದಿ ಯಗಚಿಗೆ ಅಲ್ಲಿ ಕಟ್ಟಿದ ಅಣೆಕಟ್ಟು ಸುಮಾರು 1,280 ಮೀಟರ್ ಉದ್ದವಿದೆ. ಅದರ ಹಿನ್ನೀರಿನಲ್ಲಿ ಜಲಸಾಹಸ ಕ್ರೀಡಾ ಕೇಂದ್ರವಿದ್ದು, ಕಯಾಕಿಂಗ್, ಸ್ಪೀಡ್ ಬೋಟ್, ಬನಾನಾ ರೈಡ್ ಎಲ್ಲ ಉಂಟು. ನನ್ನನ್ನು ಕೇಳಿದರೆ ಮೋಟಾರು ದೋಣಿಗಿಂತ ಕಯಾಕೇ ಮೇಲು: ಹುಟ್ಟು ಹಾಕುವ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ, ಹಕ್ಕಿಗಳೂ ಬೆದರುವುದಿಲ್ಲ. ಈಜು ಬರಲಿ ಬಿಡಲಿ, ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯದೆ ದೋಣಿ ಹತ್ತಬೇಡಿ. ನೀರಿನ ಮಟ್ಟ ಇಳಿದಾಗ ಆಟ ನಿಲ್ಲುವುದುಂಟು; ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ಇನ್ನು ಟೆಂಟಿನ ಮಾತು. ಕಂಡ ಕಂಡಲ್ಲಿ ಟೆಂಟು ಹಾಕುವ ಸೀಮೆ ಇದಲ್ಲ. ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆ ಕಾಡಾನೆಗಳ ಓಡಾಟ ವಿಪರೀತ. ಅರಸೀಕೆರೆಯ ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆಗಳಿವೆ. ಕೆರೆಯ ಅಂಗಳ ಮೇಲೆ ಒಣಗಿದಂತೆ ಕಂಡರೂ ಹೂಳಿನಲ್ಲಿ ಕಾಲು ಮೊಣಕಾಲಿನವರೆಗೆ ಹೂತುಹೋಗಬಹುದು. ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತರೆ ಆಳ ತಿಳಿಯುವುದಿಲ್ಲ. ಏರಿಯ ಮೇಲೆ ಗೂಟ ಹೊಡೆಯುವುದು, ಬೆಂಕಿ ಹಾಕುವುದು ಸರ್ವಥಾ ಕೂಡದು. ಟೆಂಟೇ ಬೇಕೆಂದರೆ ಬೇಲೂರು–ಚಿಕ್ಕಮಗಳೂರು ನಡುವಿನ ಕಾಫಿ ತೋಟಗಳ ಹೋಂಸ್ಟೇ ಅಂಗಳ ಸುರಕ್ಷಿತ. ಆನೆ ಬಂದಿದೆಯೋ ಇಲ್ಲವೋ ಎಂಬುದು ತೋಟದವರಿಗೆ ಗೊತ್ತಿರುತ್ತದೆ. ಅವರು ಹೊರಗೆ ಬರಬೇಡಿ ಎಂದರೆ ಬರಬೇಡಿ.

ಎರಡನೆಯ ದಿನ ಜಾವಗಲ್ಲಿನ ಮೇಲೆ ಅರಸೀಕೆರೆಗೆ ಬನ್ನಿ. ಮಲೆನಾಡಿನ ಸೆರಗು ಮುಗಿದು ತೆಂಗಿನ ತೋಟಗಳ ಬಯಲುಸೀಮೆ ತೆರೆದುಕೊಳ್ಳುತ್ತದೆ. ಊರಿಗೆ ಹೆಸರು ಕೊಟ್ಟ ಕೆರೆಯನ್ನು ರಾಣಿಯೊಬ್ಬಳು ಕಟ್ಟಿಸಿದಳೆಂಬ ಪ್ರತೀತಿ. 1220ರ ಶಿವಾಲಯದ ಮುಂದೆ ನಕ್ಷತ್ರದಾಕಾರದ ತೆರೆದ ಮಂಟಪವಿದೆ. ಅಂಥದ್ದು ಹೊಯ್ಸಳ ನಾಡಿನಲ್ಲೂ ಅಪರೂಪ. ಅದರ ಕಲ್ಲುಜಗಲಿಯ ಮೇಲೆ ಕುಳಿತು ತಲೆಯೆತ್ತಿ ಗುಮ್ಮಟದಂಥ ಚಾವಣಿ ನೋಡಬೇಕು. ಕಾಲಿಗೆ ಕೆಲಸ ಬೇಕೆನ್ನುವವರಿಗೆ ಮಾಲೇಕಲ್ಲು ತಿರುಪತಿ ಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ಅರಸೀಕೆರೆ ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಜಂಕ್ಷನ್ ಆದ್ದರಿಂದ ಇಲ್ಲಿಂದ ರೈಲಿನಲ್ಲೇ ಮರಳಬಹುದು.

ಪ್ರವಾಸೋದ್ಯಮ ಇಲಾಖೆಗೂ ಊರಿನ ಆಡಳಿತಕ್ಕೂ ಒಂದು ಮಾತು. ದ್ವಾರಸಮುದ್ರದ ದಡಕ್ಕೆ ರೆಸಾರ್ಟ್ ಬೇಡ, ಬಣ್ಣದ ದೀಪದ ಕಾರಂಜಿ ಬೇಡ. ನೆರಳಿಗೆ ಹೊಂಗೆ, ಆಲದ ಮರ, ಶುಚಿಯಾದ ಶೌಚಾಲಯ, ಕುಡಿಯುವ ನೀರು, ಕೆರೆಯ ಚರಿತ್ರೆ ಹೇಳುವ ಒಂದು ಫಲಕ, ಊರಿನ ಹುಡುಗ ಹುಡುಗಿಯರಿಗೆ ಹಕ್ಕಿ ತೋರಿಸುವ ಗೈಡ್ ತರಬೇತಿ, ಇಷ್ಟಾದರೆ ಸಾಕು. ಊರ ಚರಂಡಿ ನೀರು ಕೆರೆಗೆ ಸೇರದಂತೆ ನೋಡಿಕೊಳ್ಳುವುದು ಇವೆಲ್ಲಕ್ಕಿಂತ ಮೊದಲ ಕೆಲಸ.

ಹೋಗುವವರಿಗೆ ಅಕ್ಟೋಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ: ಮಳೆ ಚೆನ್ನಾಗಿ ಆಗಿದ್ದರೆ ಕೆರೆಗಳು ತುಂಬಿರುತ್ತವೆ, ಬಿಸಿಲೂ ಹದವಾಗಿರುತ್ತದೆ. ಬೆಳಗಿನ ಚಳಿಗೆ ಸ್ವೆಟರ್, ರಾತ್ರಿಗೆ ಟಾರ್ಚ್, ಕುಡಿಯುವ ನೀರಿಗೆ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ತಂದ ಪ್ಲಾಸ್ಟಿಕ್ಕನ್ನು ಒಂದು ಚೂರೂ ಬಿಡದೆ ಹಿಂದಕ್ಕೆ ಒಯ್ಯಿರಿ.