ಹಾಡದೆ ಹೇಳಿದ ಹಾಡುಗಳು

1990ರ ಆಗಸ್ಟ್‌ನಲ್ಲಿ ಶಿಕಾಗೋದ ರಿವರ್ ನಾರ್ತ್ ರೆಕಾರ್ಡರ್ಸ್ ಸ್ಟುಡಿಯೊದ ಮೆಟ್ಟಿಲು ಹತ್ತಿದಾಗ ಸ್ಲಿಂಟ್ ತಂಡದ ಬಳಿ ಆರು ಹಾಡುಗಳಿದ್ದವು, ಸಾಹಿತ್ಯ ಮಾತ್ರ ಹೆಚ್ಚುಕಡಿಮೆ ಇರಲೇ ಇಲ್ಲ. ಗಿಟಾರ್ ಎಲ್ಲಿ ತಡೆಯಬೇಕು, ಡ್ರಮ್ ಎಲ್ಲಿ ಮತ್ತೆ ಸೇರಬೇಕು ಎಂಬುದೆಲ್ಲ ಬೇಸಿಗೆಯುದ್ದಕ್ಕೂ ನಡೆದ ತಾಲೀಮಿನಲ್ಲಿ ಕರಾರುವಾಕ್ಕಾಗಿ ತೀರ್ಮಾನವಾಗಿತ್ತು. ಏನು ಹಾಡುವುದು ಎಂಬುದೊಂದೇ ಬಾಕಿ. ಆ ಕೊರತೆಯೇ 'ಸ್ಪೈಡರ್‌ಲ್ಯಾಂಡ್' ಆಲ್ಬಂನ ಗುರುತಾಯಿತು ಎಂಬುದು ನನ್ನ ಅಂದಾಜು.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಊರಿನ ಹುಡುಗರಿವರು. ಗಿಟಾರ್ ವಾದಕ ಬ್ರಯಾನ್ ಮೆಕ್‌ಮೆಹನ್ ಮತ್ತು ಡ್ರಮ್ಮರ್ ಬ್ರಿಟ್ ವಾಲ್ಫರ್ಡ್ ಶಾಲೆಯಿಂದಲೇ ಜೊತೆಗಾರರು; ತಾಲೀಮು ವಾಲ್ಫರ್ಡ್ ಮನೆಯ ನೆಲಮಾಳಿಗೆಯಲ್ಲಿ. ಇನ್ನೊಂದು ಗಿಟಾರ್ ಡೇವಿಡ್ ಪಾಜೊ ಕೈಯಲ್ಲಿ. ಸ್ಟೀವ್ ಆಲ್ಬಿನಿ ಧ್ವನಿಮುದ್ರಿಸಿದ ಮೊದಲ ಆಲ್ಬಂ 'ಟ್ವೀಜ್' 1989ರಲ್ಲಿ ಬಂತು. ಅದರ ಸದ್ದು ಹಿಡಿಸದೆ ಬೇಸ್ ವಾದಕ ಈಥನ್ ಬಕ್ಲರ್ ತಂಡ ಬಿಟ್ಟರು. ಆ ಜಾಗಕ್ಕೆ ಟಾಡ್ ಬ್ರಾಷಿಯರ್ ಬಂದರು. 'ಟ್ವೀಜ್'ನಲ್ಲಿ ಗದ್ದಲವೂ ಇದೆ, ಹುಡುಗಾಟವೂ ಇದೆ. ಎರಡನೆಯದಾದ 'ಸ್ಪೈಡರ್‌ಲ್ಯಾಂಡ್'ನಲ್ಲಿ ಹುಡುಗಾಟ ಪೂರ್ತಿ ಮಾಯ.

ಶಿಕಾಗೋದಲ್ಲಿ ಧ್ವನಿಮುದ್ರಕ ಬ್ರಯಾನ್ ಪಾಲ್ಸನ್ ನಾಲ್ಕೇ ದಿನಗಳಲ್ಲಿ ಕೆಲಸ ಮುಗಿಸಿದರು. ವಾದ್ಯಗಳೇ ಪರಸ್ಪರ ಮಾತಾಡಿ ಮುಗಿಸಿದ್ದ ಸಂಗೀತದಲ್ಲಿ ಇನ್ನೊಂದು ರಾಗಕ್ಕೆ ಎಡೆಯಿರಲಿಲ್ಲ; ಹಾಗಾಗಿ ಹಾಡುವ ಬದಲು ಮಾತಾಡಿದರು. ಮೊದಲ ಹಾಡು 'ಬ್ರೆಡ್‌ಕ್ರಂಬ್ ಟ್ರೇಲ್' ಏಳರ ಎಣಿಕೆಯಲ್ಲಿ ಸಾಗುತ್ತದೆ. ಮಿಶ್ರಛಾಪು ಕೇಳಿ ಬೆಳೆದ ನಮ್ಮ ಕಿವಿಗೆ ಅದೇನೂ ವಿಚಿತ್ರವಲ್ಲ, ನಾಲ್ಕರ ಎಣಿಕೆಗೆ ಒಗ್ಗಿಹೋದ ರಾಕ್ ಕೇಳುಗರಿಗೆ ಮಾತ್ರ ನೆಲವೇ ವಾಲಿದಂತೆ. ಅದರ ಮೇಲೆ ಮೆಕ್‌ಮೆಹನ್, ಜಾತ್ರೆಯಲ್ಲಿ ಕಣಿ ಹೇಳುವವಳೊಬ್ಬಳ ಜೊತೆ ರೋಲರ್ ಕೋಸ್ಟರ್ ಹತ್ತಿದ ಕತೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಗಾಡಿ ಮೇಲಕ್ಕೇರಿದಾಗ ಗಿಟಾರ್‌ಗಳು ಸಿಡಿಯುತ್ತವೆ, ಮಾತು ಕೂಗಾಗುತ್ತದೆ.

ಈ ಉಪಾಯ ಅತಿ ಸಪೂರವಾಗಿ ಕಾಣುವುದು 'ಡಾನ್, ಅಮನ್' ಹಾಡಿನಲ್ಲಿ. ಇಲ್ಲಿ ಡ್ರಮ್ ಇಲ್ಲವೇ ಇಲ್ಲ. ಡ್ರಮ್ಮರ್ ವಾಲ್ಫರ್ಡ್ ಕೋಲು ಕೆಳಗಿಟ್ಟು ಗಿಟಾರ್ ಹಿಡಿದು ತಾವೇ ಕತೆ ಹೇಳುತ್ತಾರೆ. ಪಾರ್ಟಿಯೊಂದರಲ್ಲಿ ಯಾರೊಂದಿಗೂ ಬೆರೆಯಲಾಗದೆ ಹೊರಗೆ ಬಂದು ನಿಲ್ಲುವ ಡಾನ್ ಎಂಬಾತನ ಕತೆ. ದನಿ ಎಷ್ಟು ಸಣ್ಣದೆಂದರೆ ಕೇಳಲೆಂದು ವಾಲ್ಯೂಮ್ ಏರಿಸುತ್ತೀರಿ. ಏರಿಸಿದ ಮೇಲೆ ಗಿಟಾರ್ ಒಮ್ಮೆಗೇ ಕರ್ಕಶವಾಗಿ ಎರಗುತ್ತದೆ. ಇದು ಬೇಕೆಂದೇ ಮಾಡಿದ ಕಿತಾಪತಿಯೋ ಏನೋ, ಹೆಡ್‌ಫೋನ್ ಹಾಕಿದವರು ಹುಷಾರು.

ಕೊನೆಯ 'ಗುಡ್ ಮಾರ್ನಿಂಗ್, ಕ್ಯಾಪ್ಟನ್' ಬಗ್ಗೆ ಜನ ಬರೆದದ್ದು ಬೇಕಾದಷ್ಟಿದೆ. ಹಡಗೊಡೆದು ಒಬ್ಬನೇ ಬದುಕುಳಿದ ಕಪ್ತಾನ ಒಂದು ಮನೆಯ ಬಾಗಿಲು ಬಡಿಯುತ್ತಾನೆ, ಎದುರಿಗೊಬ್ಬ ಹುಡುಗ. ಕವಿ ಕೋಲರಿಜ್‌ನ ಮುದಿ ನಾವಿಕನ ಪದ್ಯಕ್ಕೆ ಇದನ್ನು ಗಂಟು ಹಾಕುವವರಿದ್ದಾರೆ. ಆ ನಂಟು ಇಲ್ಲದೆಯೂ ಹಾಡು ನಿಲ್ಲುತ್ತದೆ. ಇಡೀ ಆಲ್ಬಂನಲ್ಲಿ ಪಿಸುಗುಟ್ಟಿ ಉಳಿಸಿಕೊಂಡ ಗಂಟಲನ್ನೆಲ್ಲ ಮೆಕ್‌ಮೆಹನ್ ಇಲ್ಲಿ ಕಡೆಯ ನಿಮಿಷದಲ್ಲಿ ಖರ್ಚು ಮಾಡುತ್ತಾರೆ. ಗಿಟಾರ್‌ಗಳನ್ನು ಮೀರಿ ಕಿರುಚಿದ ಆಯಾಸಕ್ಕೆ ಅವರ ಮೈ ಕೆಟ್ಟಿತಂತೆ.

ಆಲ್ಬಂ ಅಂಗಡಿಗೆ ಬರುವ ಮೊದಲೇ ಮೆಕ್‌ಮೆಹನ್ ಹೊರನಡೆದರು, ತಂಡ ಒಡೆಯಿತು. 1991ರ ಮಾರ್ಚ್‌ನಲ್ಲಿ ಟಚ್ ಅಂಡ್ ಗೋ ಸಂಸ್ಥೆ ಅದನ್ನು ಹೊರತಂದಾಗ ಜಾಹೀರಾತಿಗೆ, ಪ್ರವಾಸಕ್ಕೆ ತಂಡವೇ ಇರಲಿಲ್ಲ. ಮುಖಪುಟದಲ್ಲಿ ಇಂಡಿಯಾನಾದ ಯೂಟಿಕಾ ಬಳಿಯ ಕಲ್ಲುಕ್ವಾರಿಯ ನೀರಿನಲ್ಲಿ ಕತ್ತಿನವರೆಗೆ ಮುಳುಗಿದ ನಾಲ್ವರ ಕಪ್ಪುಬಿಳುಪು ಚಿತ್ರ. ತೆಗೆದವರು ಗೆಳೆಯ ವಿಲ್ ಓಲ್ಡಮ್, ಮುಂದೆ ತಾವೇ ಹೆಸರಾಂತ ಹಾಡುಗಾರ. ಹಿಂಬದಿಯಲ್ಲಿ ಇನ್ನೂ ತಮಾಷೆಯ ಸಂಗತಿ: ಆಸಕ್ತ ಗಾಯಕಿಯರು ಪತ್ರ ಬರೆಯಿರಿ ಎಂಬ ಪ್ರಕಟಣೆ, ಕೆಳಗೆ ವಿಳಾಸ. ಗಾಯಕಿ ಪಿ.ಜೆ. ಹಾರ್ವಿ ಬರೆದಿದ್ದರೆಂಬ ಮಾತಿದೆ. ಮಾತಿನ ಧಾಟಿಯೇ ಸ್ಲಿಂಟ್‌ನ ಸಿದ್ಧಾಂತ ಎಂದು ಆಮೇಲೆ ಪ್ರಬಂಧ ಬರೆದವರು ಈ ಪ್ರಕಟಣೆಯನ್ನೊಮ್ಮೆ ಓದಿಕೊಳ್ಳಬೇಕಿತ್ತು.

ಬ್ರಿಟನ್ನಿನ 'ಮೆಲೊಡಿ ಮೇಕರ್' ಪತ್ರಿಕೆಯಲ್ಲಿ ವಿಮರ್ಶೆ ಬರೆದದ್ದು ಅದೇ ಆಲ್ಬಿನಿ. ಕೊಟ್ಟದ್ದು ಹತ್ತು ನಕ್ಷತ್ರ. ಆದರೂ ಆಗ ಕೊಂಡವರು ಕಡಿಮೆ. 'ಪೋಸ್ಟ್-ರಾಕ್' ಎಂಬ ಹೆಸರನ್ನು ವಿಮರ್ಶಕ ಸೈಮನ್ ರೆನಾಲ್ಡ್ಸ್ 1994ರಲ್ಲಿ ಚಲಾವಣೆಗೆ ತಂದದ್ದು ಲಂಡನ್ನಿನ ಬಾರ್ಕ್ ಸೈಕೋಸಿಸ್ ತಂಡದ ಬಗ್ಗೆ ಬರೆಯುವಾಗ. ಸ್ಲಿಂಟ್‌ಗೆ ಆ ಹಣೆಪಟ್ಟಿ ಹಿಂದಿನಿಂದ ಅಂಟಿತು. 1995ರಲ್ಲಿ 'ಕಿಡ್ಸ್' ಚಿತ್ರದ ಧ್ವನಿಮುದ್ರಿಕೆಗೆ ಕಪ್ತಾನನ ಹಾಡು ಸೇರಿದಾಗ ಹೊಸ ಕೇಳುಗರು ಹುಟ್ಟಿದರು. ಗ್ಲಾಸ್ಗೋದ ಮೊಗ್ವಾಯ್ ತಂಡ ಅದೇ ಪಿಸುಮಾತು-ಸ್ಫೋಟದ ಜಾಡು ಹಿಡಿಯಿತು.

2005ರಲ್ಲಿ ಹಳೆಯ ಸದಸ್ಯರು ಮತ್ತೆ ಕೂಡಿದರು. 2007ರಲ್ಲಿ ಇಡೀ 'ಸ್ಪೈಡರ್‌ಲ್ಯಾಂಡ್' ಅನ್ನು ವೇದಿಕೆಯ ಮೇಲೆ ನುಡಿಸಿದರು, ಶಿಕಾಗೋದಲ್ಲೂ ನುಡಿಸಿದರು. ಮೂರನೆಯ ಆಲ್ಬಂ ಮಾತ್ರ ಬರಲಿಲ್ಲ.